ಬೋರ್ಡಿನಲ್ಲಿ ಕನ್ನಡ, ಚೀಟಿಯಲ್ಲಿ ಇಂಗ್ಲಿಷ್!

ಬೊಜ್ಜು ಇಳಿಸುವ ಹೊಟ್ಟೆ ಆಪರೇಷನ್ ಈಗ ಸಾಹುಕಾರರ ಸೊತ್ತಾಗಿ ಉಳಿದಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದವರು ಬಸ್ಸು ಹತ್ತಿದರೆ ಸಾಕು, ಬೆಂಗಳೂರಿನ ದೊಡ್ಡಾಸ್ಪತ್ರೆ. ಅತಿ ತೂಕದಿಂದ, ಸಕ್ಕರೆ ಕಾಯಿಲೆಯಿಂದ ನರಳುವವರಿಗೆ ಇದರಿಂದ ಉಪಕಾರವಿದೆ. ಅದನ್ನು ನಾವು ಹಳಿಯುವುದಿಲ್ಲ. ನಮ್ಮ ತಕರಾರೇ ಬೇರೆ.

ಸ್ಲೀವ್ ಆಪರೇಷನ್ನಿನಲ್ಲಿ ಜಠರದ ಮುಕ್ಕಾಲು ಪಾಲನ್ನು ಕತ್ತರಿಸಿ ತೆಗೆಯುತ್ತಾರೆ. ಬೈಪಾಸ್‌ನಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಹೀರುವ ಕರುಳಿನ ಮೊದಲ ಭಾಗವನ್ನು ಊಟ ಮುಟ್ಟದಂತೆ ಮಾಡುತ್ತಾರೆ. ತೂಕ ಇಳಿಯುತ್ತದೆ. ಜೊತೆಗೆ ಕಬ್ಬಿಣ, ಬಿ12, ಕ್ಯಾಲ್ಸಿಯಂ, ಡಿ ವಿಟಮಿನ್ನೂ ಇಳಿಯುತ್ತವೆ. ಆದ್ದರಿಂದ ಮಾತ್ರೆ ಮೂರು ತಿಂಗಳಿಗಲ್ಲ, ಜೀವಮಾನವಿಡೀ! ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ ಆಗಲೇಬೇಕು.

'ಮುದ್ದೆ ತಿನ್ನೋ ಜನ ನಾವು, ನಮಗೇನು ಕೊರತೆ?' ಎನ್ನಬೇಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ನಿಜ. ಆಪರೇಷನ್ ಆದವರಿಗೆ ದಿನಕ್ಕೆ 1200ರಿಂದ 1500 ಬೇಕು. ಆ ಪುಟ್ಟ ಹೊಟ್ಟೆಗೆ ನಾಲ್ಕು ತುತ್ತೇ ಭಾರ. ಬಿ12 ರಾಗಿಯಲ್ಲೂ ಇಲ್ಲ, ಅವರೆಕಾಳಿನಲ್ಲೂ ಇಲ್ಲ. ಅದರ ಕೊರತೆ ಎಷ್ಟೋ ವರ್ಷದ ಮೇಲೆ ಪಾದ ಜುಮ್ಮೆಂದಾಗ ಗೊತ್ತಾಗಬಹುದು. ವಾಂತಿ ನಿಲ್ಲದಿದ್ದರೆ ಬಿ1 ಕೆಲವೇ ವಾರಗಳಲ್ಲಿ ಬರಿದಾಗಿ, ನಡಿಗೆ ತೂರಾಡಿ, ಮಿದುಳಿಗೇ ಕುತ್ತು ಬರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ಮೊದಲೇ ರಕ್ತಹೀನತೆ. ಅಂಥವರು ಮಾತ್ರೆ ಬಿಟ್ಟರೆ ಗತಿಯೇನು?

ಈ ಎಚ್ಚರಿಕೆಯೆಲ್ಲ ಡಿಸ್ಚಾರ್ಜ್ ಚೀಟಿಯಲ್ಲಿ ಇರಬೇಕಾದದ್ದು. ಇದ್ದರೂ ಯಾವ ಭಾಷೆಯಲ್ಲಿ? ಬಹುಪಾಲು ಇಂಗ್ಲಿಷಿನಲ್ಲಿ! ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ಎರಡು ಗಂಟೆ ಅಂತರವಿರಲಿ, ಕಬ್ಬಿಣದ ಮಾತ್ರೆಯನ್ನು ಕಾಫಿ-ಟೀ ಜೊತೆ ನುಂಗಬೇಡಿ ಎಂಬುದು ಶ್ರೀನಿವಾಸಪುರದ ಮಾವಿನ ತೋಪಿನ ತಾಯಿಗೆ ಹೇಗೆ ತಿಳಿಯಬೇಕು?

2024ರ ಕಾಯ್ದೆ ಆಸ್ಪತ್ರೆಯ ಬೋರ್ಡಿನಲ್ಲೂ ನೂರಕ್ಕೆ 60 ಪಾಲು ಕನ್ನಡ ಕಡ್ಡಾಯ ಮಾಡಿತು. ಸಂತೋಷ. ಆದರೆ ಬೋರ್ಡು ಓದಿ ಯಾರ ಜೀವವೂ ಉಳಿಯುವುದಿಲ್ಲ, ಚೀಟಿ ಓದಿದರೆ ಉಳಿಯುತ್ತದೆ. ಖರ್ಚಿನ ನೆಪ ಬೇಡ. ಪ್ರೆಸ್ಸು ನಡೆಸುವ ನಮಗೆ ಗೊತ್ತು: ಒಂದೇ ಬಣ್ಣದ ಒಂದು ಹಾಳೆ ಸಾವಿರ ಪ್ರತಿ ಅಚ್ಚು ಹಾಕಿಸಿದರೂ ಆಪರೇಷನ್ ಬಿಲ್ಲಿನ ಮುಂದೆ ಅದೊಂದು ಲೆಕ್ಕವೇ ಅಲ್ಲ.

ಕನ್ನಡದ ಯುವಕರೇ, ಯುವತಿಯರೇ, ನಿಮ್ಮ ಮನೆಯವರು ಆಪರೇಷನ್ ಫಾರಂಗೆ ಸಹಿ ಹಾಕುವ ಮೊದಲೇ ಕನ್ನಡದ ಹಾಳೆ ಕೇಳಿ. ಕೊಡದಿದ್ದರೆ ಕೊಡುವ ತನಕ ಕೇಳಿ. ಈಗಾಗಲೇ ಆಪರೇಷನ್ ಆದವರು ನಿಮ್ಮ ಬೀದಿಯಲ್ಲಿದ್ದರೆ ಇವತ್ತೇ ಹೋಗಿ ಆ ಚೀಟಿಯನ್ನು ಕನ್ನಡದಲ್ಲಿ ಓದಿ ಹೇಳಿ. ಇದೂ ಕನ್ನಡದ ಕೆಲಸವೇ.