ಕಬ್ಬಿನ ಬೆಲೆಗೆ ಜಿನೀವಾದ ತಕ್ಕಡಿ



ನಿಮ್ಮ ಕಬ್ಬಿಗೆ ಸಿಗುವ ಬೆಲೆ ಅತಿಯಾಯಿತಂತೆ! ಹೀಗೆಂದವರು ಕಾರ್ಖಾನೆಯವರಲ್ಲ, ಜಿನೀವಾದಲ್ಲಿ ಕೂತ ವಿಶ್ವ ವ್ಯಾಪಾರ ಸಂಸ್ಥೆಯ ಪಂಚರು. ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ದೇಶಗಳು 2019ರಲ್ಲಿ ನಮ್ಮ ಮೇಲೆ ದೂರು ಹೂಡಿದವು. 2021ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ಭಾರತ ಕಬ್ಬು ಬೆಳೆಗಾರರಿಗೆ ಬೆಳೆಯ ಮೌಲ್ಯದ ಶೇಕಡಾ 10ಕ್ಕಿಂತ ಹೆಚ್ಚು ಸಹಾಯ ಕೊಟ್ಟಿದೆ, ಸಕ್ಕರೆಗೆ ಕೊಟ್ಟ ರಫ್ತು ಸಬ್ಸಿಡಿಯೂ ನಿಯಮಕ್ಕೆ ವಿರುದ್ಧ, ಅಂತ.

ನೀವೇ ಹೇಳಿ, ಆ ಸಹಾಯ ನಿಮ್ಮ ಯಾವ ಜೇಬಿಗೆ ಬಂದಿದೆ? ಎಫ್‌ಆರ್‌ಪಿ ಕೊಡೋದು ಕಾರ್ಖಾನೆ. ಸರ್ಕಾರ ಒಂದು ಟನ್ ಕಬ್ಬನ್ನೂ ಕೊಳ್ಳುವುದಿಲ್ಲ, ಬೆಲೆ ಬರೆದು ಆದೇಶ ಹೊರಡಿಸುತ್ತದೆ, ಅಷ್ಟೆ. ಪಂಚರಿಗೆ ಅಷ್ಟೇ ಸಾಕಾಯಿತು. ಬೆಲೆ ಕಟ್ಟಿದ್ದೇ ಸಹಾಯ ಎಂದರು. ಅವರ ಲೆಕ್ಕವೂ ಕೇಳಿ. ಆಯಾ ವರ್ಷದ ಎಫ್‌ಆರ್‌ಪಿಯಿಂದ 1986–88ರ ಹೊರದೇಶದ ಬೆಲೆ ಕಳೆಯಬೇಕು, ಉಳಿದದ್ದೆಲ್ಲ ರೈತನಿಗೆ ಸಂದ ಸಹಾಯ. ಆಗ ನಮ್ಮಪ್ಪಂದಿರು ಕಟಾವಿನ ಆಳಿಗೆ, ಡೀಸೆಲ್ಲಿಗೆ ಎಷ್ಟು ಕೊಡ್ತಿದ್ದರು? ಕೂಲಿ ಇವತ್ತಿನದು, ತೂಗುವ ಕಲ್ಲು ಸುಮಾರು ನಲವತ್ತು ವರ್ಷ ಹಿಂದಿನದು!

ಇನ್ನು ರಫ್ತು ಸಬ್ಸಿಡಿ. 2019–20ರ ಹಂಗಾಮಿಗೆ 60 ಲಕ್ಷ ಟನ್ ಸಕ್ಕರೆಗೆ, ಟನ್ನಿಗೆ 10,448 ರೂಪಾಯಿಯಂತೆ, ಕೇಂದ್ರ ಮಂಜೂರು ಮಾಡಿದ್ದು 6,268 ಕೋಟಿ. ಮೊದಲು ಕಬ್ಬಿನ ಬಾಕಿಗೆಂದು ರೈತನ ಖಾತೆಗೆ, ಮಿಕ್ಕದ್ದು ಕಾರ್ಖಾನೆಗೆ ಅಂತ ಆದೇಶ. ಬಾಕಿ ಅಂದರೇನು? ಕಬ್ಬು ಸಾಗಿಸಿದ 14 ದಿನದೊಳಗೆ ಕಾರ್ಖಾನೆಯೇ ಕೊಡಬೇಕಾಗಿದ್ದ ನಮ್ಮ ದುಡ್ಡು. 1966ರ ಕಬ್ಬು ನಿಯಂತ್ರಣ ಆದೇಶದಲ್ಲಿ ಅದು ಬರೆದಿದೆ, ತಪ್ಪಿದರೆ ಶೇಕಡಾ 15 ಬಡ್ಡಿ ಸಮೇತ. ಅಂದರೆ ಸಾಲ ತೀರಿದ್ದು ಕಾರ್ಖಾನೆಯದು, ಸಬ್ಸಿಡಿ ತಿಂದ ಅಪವಾದ ರೈತನಿಗೆ.

ಈಗ ಸಾಹುಕಾರರ ಮನೆ ಕಡೆ ನೋಡೋಣ. ಅಮೆರಿಕದ ಹತ್ತಿ ಸಬ್ಸಿಡಿಯ ಮೇಲೆ ಇದೇ ಬ್ರೆಜಿಲ್ 2002ರಲ್ಲಿ ದಾವೆ ಹೂಡಿತು, 2005ರಲ್ಲಿ ಮೇಲ್ಮನವಿಯಲ್ಲೂ ಗೆದ್ದಿತು. ಅಮೆರಿಕ ಸಬ್ಸಿಡಿಯನ್ನು ಪೂರ್ತಿ ಬಿಟ್ಟಿತೇ? ಇಲ್ಲ. ಬ್ರೆಜಿಲ್ ಪ್ರತೀಕಾರದ ಸುಂಕ ಹಾಕಲು ಹೊರಟಾಗ, ವರ್ಷಕ್ಕೆ 14.73 ಕೋಟಿ ಡಾಲರ್ ಕೊಡುತ್ತೇನೆಂದು 2010ರಲ್ಲಿ ರಾಜಿಗೆ ಬಂತು. 2014ರಲ್ಲಿ ಮತ್ತೆ 30 ಕೋಟಿ ಎಣಿಸಿ ಕಡತ ಮುಚ್ಚಿಸಿತು. ದುಡ್ಡಿದ್ದವನು ತಪ್ಪನ್ನೂ ಕೊಂಡುಕೊಳ್ಳಬಲ್ಲ. ರಾಯಚೂರು, ಹಾವೇರಿಯ ಹತ್ತಿ ಬೆಳೆಗಾರನಿಗೆ ಆ ರಾಜಿಯಲ್ಲಿ ಕಾಸೂ ಇಲ್ಲ.

ನಮ್ಮವರು 2022ರ ಜನವರಿಯಲ್ಲಿ ಮೇಲ್ಮನವಿ ಹಾಕಿದರು. ಆ ಪೀಠದಲ್ಲಿ 2019ರ ಡಿಸೆಂಬರ್‌ನಿಂದಲೇ ವಿಚಾರಣೆಗೆ ಬೇಕಾದಷ್ಟು ಸದಸ್ಯರಿಲ್ಲ. ನೇಮಕ ತಡೆದದ್ದು ಅಮೆರಿಕ!

ಆದರೆ ಬೈಗುಳವೆಲ್ಲ ಜಿನೀವಾಕ್ಕೇ ಮೀಸಲಿಡಬೇಡಿ. 2023ರಲ್ಲಿ ಜಗತ್ತಿನ ಸಕ್ಕರೆ ಬೆಲೆ ಹನ್ನೆರಡು ವರ್ಷದಲ್ಲೇ ಮೇಲಕ್ಕೇರಿತ್ತು. ಆಗ ರಫ್ತಿನ ಬಾಗಿಲು ಹಾಕಿದ್ದು ಯಾವ ವಿಶ್ವ ಸಂಸ್ಥೆಯೂ ಅಲ್ಲ, ದೆಹಲಿ. ಬೆಲೆ ಬಿದ್ದಾಗ ರಫ್ತು ಮಾಡಿ ಅಂತಾರೆ, ಎದ್ದಾಗ ಪೇಟೆಯವರಿಗೆ ಸಕ್ಕರೆ ಅಗ್ಗವಾಗಲಿ ಅಂತಾರೆ.

ನಿಮ್ಮೂರಿನ ಕಬ್ಬು ಅರೆದ ಕಾರ್ಖಾನೆ 2019–20ರಲ್ಲಿ ಎಷ್ಟು ರಫ್ತು ಸಬ್ಸಿಡಿ ಪಡೆಯಿತು, ಅದರಲ್ಲಿ ಯಾವ ರೈತನ ಖಾತೆಗೆ ಎಷ್ಟು ಬಿತ್ತು, ತಡವಾದ ದಿನಗಳ ಬಡ್ಡಿ ಎಲ್ಲಿ? ಮಾಹಿತಿ ಹಕ್ಕಿನಲ್ಲಿ ಕಬ್ಬು ಅಭಿವೃದ್ಧಿ ಆಯುಕ್ತರಿಗೆ ಅರ್ಜಿ ಬರೆಯಿರಿ. ಒಬ್ಬೊಬ್ಬರೇ ಬೇಡ, ಊರಿಗೆ ಹತ್ತು ಜನ ಬರೆಯಿರಿ.