ದನಿಗೊಂದು ತೂಬು ಬೇಕು

ನಾದಕ್ಕೆ ಕಸುವು ಬರಬೇಕಾದರೆ ಗದ್ದಲ ಅನಿವಾರ್ಯವೆಂಬ ನಂಬಿಕೆ ಯಾದಗಿರಿ, ಶಹಾಪುರ, ಸುರಪುರಗಳ ಮೈಕ್ ಸೆಟ್ಟಿನವರಲ್ಲಿಯೂ ತರುಣ ವಾದಕರಲ್ಲಿಯೂ ಬೇರೂರಿದೆ. ಎಲೆಕ್ಟ್ರಿಕ್ ಗಿಟಾರು ನುಡಿಸುವ ಮಿತ್ರರಂತೂ ಇದಕ್ಕೆ ಶಾಸ್ತ್ರದ ಆಧಾರವನ್ನೇ ಕೊಡುತ್ತಾರೆ: ವಾಲ್ವ್ ಆಂಪ್ಲಿಫಯರು ಪೂರ್ಣ ಜೋರಿನಲ್ಲಿ ಮಾತ್ರ ತನ್ನ ನಿಜವಾದ ದನಿಯನ್ನು ಬಿಡುತ್ತದೆಯಂತೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧಕ್ಕೆ ನನ್ನ ಆಕ್ಷೇಪಣೆ.

ಬಿ.ಎ. ಓದುವವನಿಗೆ ಈ ವಿದ್ಯುತ್ತಿನ ಉಸಾಬರಿ ಏಕೆಂದು ಗುರುಗಳು ಕೇಳಬಹುದು, ಕೇಳಲಿ. ಗಿಟಾರಿನಿಂದ ಬರುವ ಕ್ಷೀಣ ಸಂಕೇತವನ್ನು ಮೊದಲು ಇಸಿಸಿ 83ರಂತಹ ಸಣ್ಣ ವಾಲ್ವುಗಳು ಹಿಗ್ಗಿಸುತ್ತವೆ. ಅವುಗಳ ಶಕ್ತಿಗೆ ಮೀರಿ ಸಂಕೇತವನ್ನು ನೂಕಿದಾಗ ಅಲೆಯ ನೆತ್ತಿ ಕತ್ತರಿಸಿಹೋಗುತ್ತದೆ. ರಾಕ್ ಸಂಗೀತದವರು ಹಂಬಲಿಸುವ ಆ ಗೊಗ್ಗರು ದನಿ ಹುಟ್ಟುವುದು ಹೀಗೆ. ಬಳಿಕ ಇಎಲ್ 34 ಮೊದಲಾದ ದೊಡ್ಡ ವಾಲ್ವುಗಳು ಅದಕ್ಕೆ ಸ್ಪೀಕರನ್ನು ಅಲುಗಿಸುವಷ್ಟು ಬಲ ಕೊಡುತ್ತವೆ. ಹಳೆಯ ಮಾದರಿಗಳಲ್ಲಿ ಇವೆರಡಕ್ಕೂ ಸೇರಿ ವಾಲ್ಯೂಮಿನ ತಿರುಪು ಒಂದೇ. ಗೊಗ್ಗರು ಬೇಕಾದರೆ ಓಣಿಯೆಲ್ಲ ಕೇಳಬೇಕು!

ನಾರಾಯಣಪುರ ಎಡದಂಡೆ ಕಾಲುವೆಯ ನೀರುಂಡ ನಮಗೆ ಇದರ ಪರಿಹಾರ ಹೊಸದಲ್ಲ. ಕಾಲುವೆ ತುಂಬಿ ಹರಿದರೂ ಹೊಲಕ್ಕೆ ಎಷ್ಟು ಬಿಡಬೇಕೆಂಬುದನ್ನು ತೂಬು ನೋಡಿಕೊಳ್ಳುತ್ತದೆ. ಮಾಸ್ಟರ್ ವಾಲ್ಯೂಮ್ ಎಂಬುದು ಅಂಥದೇ ತೂಬು. ಸಣ್ಣ ವಾಲ್ವುಗಳ ಕೆಲಸ ಮುಗಿದು, ಸಂಕೇತವನ್ನು ಎರಡು ಪಾಲು ಮಾಡಿ ದೊಡ್ಡ ವಾಲ್ವುಗಳಿಗೆ ಹಂಚುವ ಹಂತಕ್ಕೆ ಮುಂಚೆ, ಸುಮಾರು ಒಂದು ಮೆಗಾ ಓಮಿನ ಪೊಟೆನ್ಷಿಯೋಮೀಟರನ್ನು ಕೂಡಿಸಿದರಾಯಿತು. ಇಂಗ್ಲೆಂಡಿನ ಮಾರ್ಷಲ್ ಕಂಪನಿಯು 1975ರಲ್ಲಿ ತನ್ನ 2203 ಮಾದರಿಯಲ್ಲಿ ಮಾಸ್ಟರ್ ತಿರುಪನ್ನು ಒದಗಿಸಿತು.

ದೊಡ್ಡ ವಾಲ್ವುಗಳೂ ಸ್ಪೀಕರೂ ದಣಿದಾಗ ಹುಟ್ಟುವ ಇನ್ನೊಂದು ಸೊಗಸು ಈ ತಿರುಪಿನಿಂದ ದೊರೆಯದು; ಒಪ್ಪೋಣ. ಆದರೆ ಆ ಸೊಗಸಿಗಾಗಿ ನೆರೆಮನೆಯವರ ನಿದ್ದೆಯನ್ನು ತೆರಲು ನಾವಾರು? ಸಣ್ಣ ಆಂಪ್ಲಿಫಯರು ತಂದರಾಯಿತೆನ್ನುವವರು ಒಂದು ಲೆಕ್ಕವನ್ನು ಮರೆಯುತ್ತಾರೆ. 100 ವ್ಯಾಟಿನಿಂದ 10 ವ್ಯಾಟಿಗೆ ಬಂದರೆ ಇಳಿಯುವುದು 10 ಡೆಸಿಬೆಲ್ ಮಾತ್ರ. ಕಿವಿಗೆ ಸದ್ದು ಸುಮಾರು ಅರ್ಧವಾದಂತೆ ತೋರುತ್ತದೆ, ಅಷ್ಟೇ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ವಿಧಿಸಿರುವ ಮಿತಿ 45 ಡೆಸಿಬೆಲ್. ಐದು ವ್ಯಾಟಿನ ಪೆಟ್ಟಿಗೆಯೂ ಪೂರ್ಣ ಜೋರಿನಲ್ಲಿ ಅದನ್ನು ಎಷ್ಟೋ ಮೀರುತ್ತದೆ. ಗೋಡೆಗೆ ಗೋಡೆ ತಾಗಿದ ಓಣಿಗಳಲ್ಲಿ, ಒಂದೇ ಕೋಣೆಯಲ್ಲಿ ಅಡುಗೆ, ನಿದ್ದೆ, ಪರೀಕ್ಷೆಯ ಓದು ಎಲ್ಲವೂ ಸಾಗುವ ಮನೆಗಳಿವೆ. ಮನೆಯಲ್ಲಿ ಮೊದಲನೆಯವನಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವನಿಗೆ ಗೋಡೆಯಾಚೆಯ ಸದ್ದು ನೇರವಾಗಿ ಪುಸ್ತಕದ ಮೇಲೆಯೇ ಬೀಳುತ್ತದೆ.

ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಹಿಂದೆ ತಯಾರಿಸಿದ ವಾಲ್ವುಗಳುಳ್ಳ ಹಳೆಯ ಪೆಟ್ಟಿಗೆಗೆ ಹೊಸ ತೂತು ಕೊರೆಯುವುದು ಅಪಚಾರವೆನ್ನುವವರೂ ಇದ್ದಾರೆ. ಅವರು ಬಳಸದ ಎರಡನೆಯ ಇನ್‌ಪುಟ್ಟಿನ ತೂತಿನಲ್ಲಿಯೇ ತಿರುಪನ್ನು ಕೂಡಿಸಲಿ; ಬೇಡವೆನಿಸಿದಾಗ ತೆಗೆದರೆ ಗುರುತೂ ಉಳಿಯದು. ಕೆಲಸವನ್ನು ಮಾತ್ರ ಬಲ್ಲವರ ಕೈಗೇ ಕೊಡಬೇಕು. ಒಳಗೆ ಮುನ್ನೂರು, ನಾನೂರು ವೋಲ್ಟುಗಳಿರುತ್ತವೆ. ಪ್ಲಗ್ಗು ಕಿತ್ತ ಮೇಲೂ ಕೆಪಾಸಿಟರುಗಳು ಅದನ್ನು ಹಿಡಿದಿಟ್ಟುಕೊಂಡು ಜೀವಕ್ಕೆ ಎರವಾಗಬಲ್ಲವು.

ಸ್ನೇಹ ಸಮ್ಮೇಳನಕ್ಕೆ ತರಿಸುವ ಮೈಕ್ ಸೆಟ್ಟಿಗೂ ಮಾಸ್ಟರ್ ತಿರುಪಿರುತ್ತದೆ. ಹಾಡುವವರು ತಮ್ಮ ತಮ್ಮ ಮೈಕಿನ ತಿರುಪನ್ನು ಬೇಕಾದಂತೆ ತಿರುವಿಕೊಳ್ಳಲಿ. ಮಾಸ್ಟರಿನ ಪಕ್ಕಕ್ಕೆ ಬಳಪದಿಂದ ಗೆರೆಯೊಂದನ್ನೆಳೆದು, ಅದನ್ನು ದಾಟದಂತೆ ಕಾಯಲು ಪರೀಕ್ಷೆಗೆ ಓದುತ್ತಿರುವವನೊಬ್ಬನನ್ನು ಕೂಡಿಸಬೇಕೆಂದು ನನ್ನ ಸೂಚನೆ.