ಮುಳುಗುವ ಮುನ್ನ ಕಲ್ಲನ್ನು ಓದೋಣ

ಬೇಸಗೆಯ ದಿನಗಳಲ್ಲಿ ಆನೆಗೊಂದಿಯ ಬಳಿ ತುಂಗಭದ್ರೆಯ ಹರಿವು ಕಿರಿದಾಗಿ, ಬಂಡೆಗಳ ನಡುವೆ ಅಲ್ಲಲ್ಲಿ ನೀರು ಮಡುಗಟ್ಟಿ ನಿಲ್ಲುತ್ತದೆ. ಆ ಮಡುಗಳ ಆಳವೆಷ್ಟು, ತಳದಲ್ಲಿ ಏನಿದ್ದೀತು ಎಂಬ ಕುತೂಹಲ ದಡದಲ್ಲಿ ನಿಂತವರಿಗೆಲ್ಲ ಸಹಜವಾದುದು. ಕಿಷ್ಕಿಂಧೆಯ ಕಥೆಯನ್ನು ಕೇಳಿ ಬೆಳೆದ ಬಾಲಕನಿಗೆ ವಾಲಿ ಸುಗ್ರೀವರ ಕಾಲದ ಕುರುಹುಗಳು ಅಲ್ಲಿರಬಹುದೆಂದು ತೋರಿದರೆ, ವಿಜ್ಞಾನವನ್ನು ಓದುತ್ತಿರುವ ವಿದ್ಯಾರ್ಥಿಗೆ ಪ್ರಾಚೀನ ಪ್ರಾಣಿಗಳ ಪಳೆಯುಳಿಕೆಗಳು ಸಿಕ್ಕಾವೆಂಬ ಆಸೆ. ಅಮೆರಿಕದಲ್ಲಿ ಹವ್ಯಾಸಿಗಳು ಬೆನ್ನಿಗೆ ಗಾಳಿಯ ಉರುಳೆಯನ್ನು ಕಟ್ಟಿಕೊಂಡು ನದಿಯ ತಳಕ್ಕಿಳಿದು, ಅಂಗೈಯಗಲದ ಶಾರ್ಕ್ ಹಲ್ಲುಗಳನ್ನು ಎತ್ತಿ ತರುವ ದೃಶ್ಯಗಳನ್ನು ನಮ್ಮ ತರುಣರು ನೋಡಿಯೇ ಇರುತ್ತಾರೆ. ಹೀಗಿರುವಲ್ಲಿ, "ನಾವೂ ತುಂಗಭದ್ರೆಯಲ್ಲಿ ಮುಳುಗಿ ಏಕೆ ನೋಡಬಾರದು?" ಎಂಬ ಪ್ರಶ್ನೆ ಏಳುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಪ್ರಶ್ನೆ ಒಳ್ಳೆಯದೇ. ಆದರೆ ನಮ್ಮ ಉತ್ತರ 'ಬೇಡ' ಎಂಬುದು. ಬೇಡವೆಂದು ಹೇಳಿ ಸುಮ್ಮನಾಗುವುದು ಹಿರಿಯರ ಗದರಿಕೆಯಾದೀತೇ ಹೊರತು ವಿಜ್ಞಾನದ ರೀತಿಯಾಗದು. ಏಕೆ ಬೇಡ, ಅದಕ್ಕೆ ಬದಲಾಗಿ ಏನನ್ನು ಮಾಡಬೇಕು ಎಂಬುದನ್ನು ಕಾರಣಸಹಿತವಾಗಿ ವಿವರಿಸುವುದು ನಮ್ಮ ಕರ್ತವ್ಯ.

ಮೊದಲು ಆ ಅಮೆರಿಕದ ನದಿಗಳನ್ನೇ ನೋಡೋಣ. ದಕ್ಷಿಣ ಕೆರೊಲೀನದ ಕೂಪರ್ ನದಿಯ ನೀರು ಎಲೆಗಳ ಕಷಾಯದಂತೆ ಕಪ್ಪಾದುದು. ಮುಳುಗಿದವರಿಗೆ ದೀಪವಿದ್ದರೂ ಕೆಲವೇ ಅಡಿಗಳ ದೂರ ಕಾಣುತ್ತದೆ. ಅಲ್ಲಿ ಅವರು ತಡಕಾಡಿ ಎತ್ತುವ ದೊಡ್ಡ ಹಲ್ಲುಗಳು ಮೆಗಲೊಡಾನ್ ಎಂಬ, ಸುಮಾರು 36 ಲಕ್ಷ ವರ್ಷಗಳ ಹಿಂದೆ ಅಳಿದುಹೋದ ಮಹಾಶಾರ್ಕಿನವು. ಸಮುದ್ರದ ಪ್ರಾಣಿಯ ಹಲ್ಲು ನದಿಗೆ ಬಂದುದು ಹೇಗೆ? ಆ ಪ್ರದೇಶವು ಒಂದು ಕಾಲಕ್ಕೆ ಕಡಲಿನ ತಳವಾಗಿತ್ತು. ಕಡಲಿನ ಕೆಸರು ಪದರಪದರವಾಗಿ ಕುಳಿತು, ತನ್ನೊಳಗೆ ಹಲ್ಲು ಎಲುಬುಗಳನ್ನು ಹುದುಗಿಸಿಕೊಂಡಿತು. ಇಂದಿನ ನದಿ ಆ ಮೆತ್ತನೆಯ ಪದರಗಳನ್ನು ಕೊರೆಯುತ್ತ ಹರಿಯುವುದರಿಂದ ಹಗುರವಾದ ಮಣ್ಣು ಕೊಚ್ಚಿಹೋಗಿ, ಭಾರವಾದ ಹಲ್ಲು ತಳದಲ್ಲಿ ಉಳಿಯುತ್ತದೆ. ಎಂದರೆ ಪಳೆಯುಳಿಕೆಯನ್ನು ಒದಗಿಸಿದ್ದು ನದಿಯಲ್ಲ, ನದಿಯ ಕೆಳಗಿನ ಶಿಲಾಸ್ತರ. ನದಿಯು ಅದನ್ನು ಅಗೆದು ತೋರಿಸಿದ ಕೂಲಿಯಾಳು ಮಾತ್ರ.

ಈ ತತ್ತ್ವವನ್ನು ಮನಸ್ಸಿನಲ್ಲಿಟ್ಟುಕೊಂಡು ಆನೆಗೊಂದಿಗೆ ಹಿಂದಿರುಗೋಣ. ಅಂಜನಾದ್ರಿಯ ಮೆಟ್ಟಿಲುಗಳನ್ನೇರಿ ಸುತ್ತಲೂ ನೋಡಿದರೆ ಕಣ್ಣಿಗೆ ಬೀಳುವುದೆಲ್ಲ ಒಂದರ ಮೇಲೊಂದು ಪೇರಿಸಿಟ್ಟಂತಿರುವ ಗುಂಡುಬಂಡೆಗಳು. ವಾನರರು ಎಸೆದ ಬಂಡೆಗಳೆಂದು ಜನರ ನಂಬಿಕೆ. ಭೂವಿಜ್ಞಾನದ ದೃಷ್ಟಿಯಲ್ಲಿ ಅವು ಗ್ರಾನೈಟ್ ಶಿಲೆಗಳು. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯ ಆಳದಲ್ಲಿ ಕರಗಿದ ದ್ರವ್ಯವು ನಿಧಾನವಾಗಿ ತಣಿದು, ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕಗಳ ಹರಳುಗಳಾಗಿ ಹೆಪ್ಪುಗಟ್ಟಿದುದರಿಂದ ಈ ಶಿಲೆ ಹುಟ್ಟಿತು. ಮೇಲಿದ್ದ ಹೊದಿಕೆ ಸವೆದು ಅದು ಹೊರಗೆ ಬಂದ ಮೇಲೆ, ಬಿರುಕುಗಳ ಮೂಲಕ ನೀರಿಳಿದು ಅಂಚುಗಳು ಶಿಥಿಲವಾಗಿ ಉದುರಿದುವು. ಉಳಿದ ತಿರುಳು ಗುಂಡಾಯಿತು.

ಕರಗಿದ ಶಿಲಾದ್ರವ್ಯದಲ್ಲಿ ಯಾವ ಪ್ರಾಣಿಯೂ ಬದುಕಲಾರದು, ಯಾವ ಎಲುಬೂ ಉಳಿಯಲಾರದು. ಅಲ್ಲದೆ ಆ ಶಿಲೆ ರೂಪುಗೊಂಡ ಕಾಲದಲ್ಲಿ ಎಲುಬುಳ್ಳ ಪ್ರಾಣಿ ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ. ಆಗಿನ ಜೀವವೆಲ್ಲ ಸೂಕ್ಷ್ಮಜೀವಿಗಳ ರೂಪದಲ್ಲಿತ್ತು. ಅವುಗಳ ಕುರುಹು ನಮ್ಮ ನಾಡಿನಲ್ಲಿ ಇಲ್ಲದಿಲ್ಲ. ಶಿವಮೊಗ್ಗ ಜಿಲ್ಲೆಯ ಕುಂಸಿಯ ಬಳಿ, ಚಿತ್ರದುರ್ಗದ ಭೀಮಸಮುದ್ರದ ಬಳಿ, ಸೂಕ್ಷ್ಮಜೀವಿಗಳ ಚಾಪೆಗಳು ಕಟ್ಟಿದ ಪದರರಚನೆಗಳನ್ನು, ಎಂದರೆ ಸ್ಟ್ರೊಮಾಟೊಲೈಟುಗಳನ್ನು, ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಬಾಗಲಕೋಟೆ ಸೀಮೆಯ ಕಲಾದಗಿ ಶ್ರೇಣಿಯ ಸುಣ್ಣಕಲ್ಲುಗಳಲ್ಲಿಯೂ ಅವು ಉಂಟು. ಅವುಗಳನ್ನು ನೋಡಲು ಯಾರೂ ನೀರಿನಲ್ಲಿ ಮುಳುಗಬೇಕಾಗಿಲ್ಲ.

ಗ್ರಾನೈಟಿನಲ್ಲಿ ಇಲ್ಲದಿದ್ದರೇನು, ಮೇಲಿನಿಂದ ತೇಲಿಬಂದ ಎಲುಬು ಮಡುವಿನಲ್ಲಿ ಸಿಕ್ಕಿಕೊಂಡಿರಬಾರದೆ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಆನೆಗೊಂದಿಯ ಹೊಳೆಯ ಬಂಡೆಗಳಲ್ಲಿರುವ ಗಡಿಗೆಯಾಕಾರದ ಗುಂಡಿಗಳನ್ನು ಅವನು ಗಮನಿಸಲಿ. ಪ್ರವಾಹದ ಕಾಲದಲ್ಲಿ ಬೆಣಚುಗಲ್ಲುಗಳು ಸುಳಿಯಲ್ಲಿ ಸಿಕ್ಕಿ ಗರಗರನೆ ತಿರುಗಿ ಗಟ್ಟಿ ಗ್ರಾನೈಟನ್ನೇ ಕೊರೆದ ಗುಂಡಿಗಳವು. ನಮ್ಮ ಅಡುಗೆಮನೆಯ ಒರಳಿನ ಕೆಲಸವೂ ಹೀಗೆಯೇ. ಕಲ್ಲನ್ನು ಕೊರೆಯುವ ಒರಳಿನಲ್ಲಿ ಎಲುಬು ಎಷ್ಟು ಕಾಲ ಬಾಳೀತು? ಎಲುಬು ಪಳೆಯುಳಿಕೆಯಾಗಬೇಕಾದರೆ ಅದು ಬೇಗನೆ ಹೂತುಹೋಗಬೇಕು, ಅಲುಗದೆ ಇರಬೇಕು, ಖನಿಜಗಳುಳ್ಳ ನೀರು ಅದರೊಳಗೆ ನಿಧಾನವಾಗಿ ಜಿನುಗಬೇಕು. ರಭಸದ ಹೊಳೆಯ ನಡುವಿನ ಬಂಡೆಯ ಮಡುವಿನಲ್ಲಿ ಈ ಮೂರೂ ದುರ್ಲಭ. ದಂಡೆಯ ಹಳೆಯ ಮೆಕ್ಕಲುಮಣ್ಣಿನಲ್ಲಿ, ಹೊಳೆ ಹಿಂದೆಂದೋ ಬಿಟ್ಟುಹೋದ ಗರಸಿನ ಪದರಗಳಲ್ಲಿ ಅವು ಕೂಡಿಬರುವ ಸಂಭವ ಹೆಚ್ಚು.

ಇದು ಊಹೆಯ ಮಾತಲ್ಲ. ನಮ್ಮ ನಾಡಿನಲ್ಲಿಯೇ ಇದಕ್ಕೆ ನಿದರ್ಶನವಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯಲ್ಲಿದ್ದ ರಾಬರ್ಟ್ ಬ್ರೂಸ್ ಫೂಟ್ (1834–1912) ಬೆಳಗಾವಿ ಜಿಲ್ಲೆಯ ಗೋಕಾಕದ ಬಳಿಯ ಚಿಕ್ಕದೌಲಿಯಲ್ಲಿ, ಹಳ್ಳವು ಕೊರೆದ ಮೆಕ್ಕಲಿನ ಪದರದಲ್ಲಿ, ಖಡ್ಗಮೃಗವೊಂದರ ಅಸ್ಥಿಗಳನ್ನು ಕಂಡರು. ಅದು ಹೊಸ ಜಾತಿಯೆಂದು ತಿಳಿದು, 1874ರಲ್ಲಿ 'ರೈನೋಸೆರಸ್ ಡೆಕ್ಕನೆನ್ಸಿಸ್' ಎಂಬ ಹೆಸರಿನಿಂದ ಅದನ್ನು ವರ್ಣಿಸಿದರು. ಇಂದು ಭಾರತದ ಖಡ್ಗಮೃಗವನ್ನು ಕಾಡಿನಲ್ಲಿ ಕಾಣಬೇಕಾದರೆ ಅಸ್ಸಾಮಿನಂಥ ದೂರದ ಸೀಮೆಗೆ ಹೋಗಬೇಕು. ಘಟಪ್ರಭೆಯ ಕಣಿವೆಯಲ್ಲಿಯೂ ಒಂದು ಕಾಲಕ್ಕೆ ಆ ಕುಲದ ಪ್ರಾಣಿ ಮೇಯುತ್ತಿತ್ತೆಂಬ ಸಂಗತಿ ಗೋಕಾಕದ ಹುಡುಗರನ್ನು ರೋಮಾಂಚನಗೊಳಿಸಬೇಕಲ್ಲವೆ? ಫೂಟರು ಅದನ್ನು ಕಂಡದ್ದು ನೀರಿನಲ್ಲಿ ಮುಳುಗಿ ಅಲ್ಲ. ದಂಡೆಯ ಪದರಗಳನ್ನು ಓದುತ್ತ ನಡೆದವರಿಗೆ ಅದು ಕಂಡಿತು.

ಇಲ್ಲಿ ನಮ್ಮ ವಾದದ ಮುಖ್ಯವಾದ ಎಳೆ ಬರುತ್ತದೆ. ಪಳೆಯುಳಿಕೆಯ ಅರ್ಧ ಬೆಲೆ ಆ ವಸ್ತುವಿನಲ್ಲಿದ್ದರೆ, ಉಳಿದರ್ಧ ಅದು ದೊರೆತ ಸ್ಥಾನದಲ್ಲಿದೆ. ಯಾವ ಪದರ, ಎಷ್ಟು ಆಳ, ಮೇಲೇನಿತ್ತು, ಕೆಳಗೇನಿತ್ತು, ಜೊತೆಗೆ ಏನಿತ್ತು ಎಂಬುದು ತಿಳಿಯದಿದ್ದರೆ ಅದರ ಕಾಲವನ್ನಾಗಲಿ ಜೀವನವನ್ನಾಗಲಿ ನಿರ್ಣಯಿಸುವುದು ಬಹಳ ಕಷ್ಟ. ಸ್ಥಳ ತಿಳಿಯದ ಎಲುಬು ವಿಳಾಸ ಅಳಿಸಿಹೋದ ಕಾಗದವಿದ್ದಂತೆ. ಒಳಗೆ ಬರಹವಿರಬಹುದು, ಎಲ್ಲಿಂದ ಬಂದುದೆಂಬುದು ಮಾತ್ರ ತಿಳಿಯದು.

ನೀರಿನಲ್ಲಿ ಮುಳುಗುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ಫ್ಲಾರಿಡದ ಆಸಿಲ್ಲ ನದಿಯ ಪೇಜ್-ಲ್ಯಾಡ್ಸನ್ ಎಂಬ ನೆಲೆಯನ್ನು ಮೊದಲು ಕಂಡವರು ಹವ್ಯಾಸಿ ಮುಳುಗುಗಾರರೇ. ಅಲ್ಲಿ ಎಂಟೊಂಬತ್ತು ಮೀಟರುಗಳಷ್ಟು ನೀರಿನ ಕೆಳಗೆ, ಅಳಿದುಹೋದ ಮಾಸ್ಟೊಡಾನ್ ಎಂಬ ಆನೆಯಂಥ ಪ್ರಾಣಿಯ ದಂತವೂ ಮನುಷ್ಯರ ಕಲ್ಲಿನ ಆಯುಧಗಳೂ ದೊರೆತುವು. ದಂತದ ಮೇಲಿನ ಗೀರುಗಳು ಮನುಷ್ಯರು ಕತ್ತರಿಸಿದುವೆಂಬ ಮಾತನ್ನು ಬಹುಕಾಲ ಅನೇಕ ವಿದ್ವಾಂಸರು ಒಪ್ಪಲಿಲ್ಲ. ಅನಂತರ ಸಂಶೋಧಕರ ತಂಡವೊಂದು ನೀರಿನಡಿಯಲ್ಲಿಯೇ ಪದರಪದರವಾಗಿ ಉತ್ಖನನ ನಡೆಸಿ, ಪ್ರತಿಯೊಂದು ಪದರದ ಕಾಲವನ್ನೂ ನಿರ್ಧರಿಸಿ, ಅವು ಸುಮಾರು 14,550 ವರ್ಷಗಳ ಹಿಂದಿನವೆಂದು 2016ರಲ್ಲಿ ಪ್ರಕಟಿಸಿತು. ಮುಳುಗುಗಾರರ ಧೈರ್ಯವು ನೆಲೆಯನ್ನು ತೋರಿಸಿತು. ಪದರಗಳ ತಾಳ್ಮೆಯ ಓದು ಅದಕ್ಕೆ ಅರ್ಥವನ್ನು ಕೊಟ್ಟಿತು. ಇದನ್ನರಿತೇ ದಕ್ಷಿಣ ಕೆರೊಲೀನದಲ್ಲಿ ಹವ್ಯಾಸಿ ಮುಳುಗುಗಾರರು ಪರವಾನಗಿ ಪಡೆದು, ದೊರೆತುದರ ವರದಿಯನ್ನು ಒಪ್ಪಿಸಬೇಕೆಂಬ ಕಟ್ಟಳೆಯನ್ನು ಮಾಡಿದ್ದಾರೆ. ಅಲ್ಲಿಯ ಸಾಹಸವನ್ನು ಮೆಚ್ಚುವ ನಮ್ಮ ತರುಣರು ಅಲ್ಲಿಯ ಶಿಸ್ತನ್ನೂ ಗಮನಿಸಬೇಕು.

ಸ್ಥಾನದ ಮಹತ್ತ್ವಕ್ಕೆ ಆನೆಗೊಂದಿಯ ಎದುರುದಡದಲ್ಲಿಯೇ ಇನ್ನೊಂದು ಪಾಠವಿದೆ. ಹಂಪಿಯ ಬಳಿಯ ನಿಂಬಾಪುರದಲ್ಲಿ ಒಂದು ಬೂದಿಯ ದಿಬ್ಬವುಂಟು. ವಾಲಿಯ ಶವವನ್ನು ಸುಟ್ಟ ಬೂದಿಯದು ಎಂದು ಜನ ಹೇಳುತ್ತಾರೆ. ಇಂಥ ದಿಬ್ಬಗಳು ಬಳ್ಳಾರಿ, ರಾಯಚೂರು ಸೀಮೆಗಳಲ್ಲಿ ಅನೇಕ ಇವೆ. ಅವು ನವಶಿಲಾಯುಗದ ದನಗಾಹಿಗಳ ದೊಡ್ಡಿಗಳಲ್ಲಿ ಸಗಣಿ ಸುಟ್ಟು ಉಳಿದ ಬೂದಿಯೆಂದು ಫೂಟರು ಊಹಿಸಿದ್ದರು. ಮಹಬೂಬ್‌ನಗರ ಸೀಮೆಯ ಉತ್ನೂರಿನಲ್ಲಿ ಎಫ್. ಆರ್. ಆಲ್ಚಿನ್ ಅವರು 1957ರಲ್ಲಿ ಅಂಥದೊಂದು ದಿಬ್ಬವನ್ನು ಅಗೆದಾಗ, ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೇ ಕಂಡುಬಂದುವು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ದೊಡ್ಡಿಯಲ್ಲಿ ನಡೆದಾಡಿದ ದನದ ಹೆಜ್ಜೆಯದು! ಬೂದಿಯನ್ನು ಬುಟ್ಟಿಯಲ್ಲಿ ತುಂಬಿ ಮನೆಗೆ ಒಯ್ದಿದ್ದರೆ ಆ ಹೆಜ್ಜೆ ಉಳಿಯುತ್ತಿತ್ತೆ?

ಪ್ರಾಣದ ಮಾತನ್ನೂ ಮರೆಯಲಾಗದು. ಆನೆಗೊಂದಿಯ ಹೊಳೆ ಮೇಲುನೋಟಕ್ಕೆ ಶಾಂತ. ಬಂಡೆಗಳ ಸಂದಿನಲ್ಲಿ ಅದರ ಸೆಳವು ಬೇರೆಯೇ. 2025ರ ಫೆಬ್ರವರಿಯಲ್ಲಿ ಸಮೀಪದ ಸಣಾಪುರದ ಬಳಿ ಬಂಡೆಯ ಮೇಲಿಂದ ನದಿಗೆ ಹಾರಿದ ಪ್ರವಾಸಿಯೊಬ್ಬರು ಕೊಚ್ಚಿಹೋಗಿ ಪ್ರಾಣ ಕಳೆದುಕೊಂಡರು. ಮೇಲುಗಡೆ ತುಂಗಭದ್ರಾ ಜಲಾಶಯವಿರುವುದರಿಂದ ನೀರಿನ ಮಟ್ಟವು ಮಳೆಯಿಲ್ಲದೆಯೂ ಏರಬಲ್ಲುದು; 2024ರ ಆಗಸ್ಟ್ 10ರ ರಾತ್ರಿ ಅದರ 33 ಬಾಗಿಲುಗಳಲ್ಲಿ 19ನೆಯದು ಕಿತ್ತುಹೋದಾಗ ಕೆಳಗಿನ ಊರುಗಳೆಲ್ಲ ಎಚ್ಚರದಿಂದಿರಬೇಕಾಯಿತು. ಹರಿಗೋಲು ನಡೆಸುವ ಹಿರಿಯರು "ಈ ಮಡುವಿಗೆ ಇಳಿಯಬೇಡಿ" ಎಂದರೆ ಆ ಮಾತಿನ ಹಿಂದೆ ತಲೆಮಾರುಗಳ ಅನುಭವವಿದೆ ಎಂದು ತಿಳಿಯಬೇಕು. ಇದಲ್ಲದೆ, ಜಲಾಶಯದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರು ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣೆಗಾಗಿ ಮೀಸಲಿಡಲಾಗಿದೆ. ಇಲ್ಲದ ಎಲುಬಿಗಾಗಿ ಇರುವ ಜೀವಿಗಳ ಬಿಲಗಳನ್ನು ಕದಡುವುದು ವಿವೇಕವಲ್ಲ.

ಆದರೆ ಒಂದು ಮಾತನ್ನು ಹಿರಿಯರಿಗೂ ಹೇಳಬೇಕಾಗಿದೆ. ಕುತೂಹಲದಿಂದ ನೀರಿಗಿಳಿಯುವ ಹುಡುಗನನ್ನು ಗದರಿಸುವ ನಾವು, ಹೊಳೆಯ ಮರಳನ್ನೂ ಗರಸನ್ನೂ ಯಂತ್ರಗಳಿಂದ ಬಾಚಿ ಲಾರಿಗಳಲ್ಲಿ ಸಾಗಿಸುವುದನ್ನು ಕಂಡು ಸುಮ್ಮನಿರುತ್ತೇವೆ. ಒಬ್ಬ ಮುಳುಗುಗಾರನು ಒಂದು ಎಲುಬಿನ ವಿಳಾಸವನ್ನು ಅಳಿಸಿದರೆ, ಯಂತ್ರವು ಒಂದೇ ದಿನದಲ್ಲಿ ಇಡೀ ಪದರವನ್ನೇ ಅಳಿಸಿಬಿಡುತ್ತದೆ. ನಮ್ಮ ನದಿಗಳಲ್ಲಿ ಪಳೆಯುಳಿಕೆಗಳಿಗೆ ನಿಜವಾದ ಅಪಾಯ ಬಂದಿರುವುದು ಈ ದಿಕ್ಕಿನಿಂದ ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಪಳೆಯುಳಿಕೆ ಮುಂತಾದ ಭೂಪರಂಪರೆಯ ರಕ್ಷಣೆಗಾಗಿ ಕೇಂದ್ರ ಸರ್ಕಾರವು 2022ರ ಡಿಸೆಂಬರಿನಲ್ಲಿ ಮಸೂದೆಯ ಕರಡೊಂದನ್ನು ಪ್ರಕಟಿಸಿತು. ಕಾಯಿದೆಯಿಂದ ಆಗುವ ಕೆಲಸ ಕಾಯಿದೆಯಿಂದ ಆಗಲಿ. ಆದರೆ ದಂಡೆಯಲ್ಲಿ ದಿನವೂ ಓಡಾಡುವವರ ಕಣ್ಣು ತೆರೆಯದೆ ಯಾವ ಕಾಯಿದೆಯೂ ಫಲಿಸದು.

ಆದ್ದರಿಂದ ನಮ್ಮ ಸಲಹೆ ಇಷ್ಟು. ಹೊಳೆಯ ದಂಡೆಯ ಊರುಗಳ ಪ್ರತಿಯೊಂದು ಪ್ರೌಢಶಾಲೆಯೂ ಕಾಲೇಜೂ ಒಂದು ದಾಖಲೆಯ ಪುಸ್ತಕವನ್ನು ಇರಿಸಲಿ. ಮಳೆಗಾಲ ಕಳೆದು ದಂಡೆಗಳು ಹೊಸದಾಗಿ ಕುಸಿದಾಗ, ವಿದ್ಯಾರ್ಥಿಗಳು ಉಪಾಧ್ಯಾಯರೊಡನೆ ನಡೆದು, ಕಂಡ ಪದರಗಳ ಚಿತ್ರವನ್ನು ಬರೆಯಲಿ. ಕೆಳಗೆ ಗರಸು, ಮೇಲೆ ಹಳದಿ ಜೇಡಿ, ಅದರ ಮೇಲೆ ಎರೆಮಣ್ಣು ಎಂದು ಗುರುತಿಸಿ, ಒಂದೊಂದರ ದಪ್ಪವನ್ನು ಅಳೆಯಲಿ. ಎಲುಬೋ ಹಲ್ಲೋ ಕಲ್ಲಿನ ಆಯುಧವೋ ಕಂಡರೆ ಕೀಳದೆ, ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟು ಛಾಯಾಚಿತ್ರ ತೆಗೆದು, ದಿನಾಂಕ, ಸ್ಥಳಗಳನ್ನು ಬರೆದುಕೊಂಡು, ಸಮೀಪದ ವಿಶ್ವವಿದ್ಯಾನಿಲಯದ ಭೂವಿಜ್ಞಾನ ವಿಭಾಗಕ್ಕೋ, ಬಳ್ಳಾರಿಯಲ್ಲಿ ಫೂಟರ ಹೆಸರಿನಲ್ಲಿಯೇ ಇರುವ ಪುರಾತತ್ತ್ವ ಸಂಗ್ರಹಾಲಯಕ್ಕೋ ತಿಳಿಸಲಿ. ಮೀನುಗಾರರೂ ಹರಿಗೋಲಿನವರೂ ಕಂಡುದನ್ನು ಕೇಳಿ ಬರೆದುಕೊಳ್ಳಲಿ. ಇದಕ್ಕೆ ಹಣ ಬೇಕಾಗಿಲ್ಲ. ಕಣ್ಣು, ಕಾಲು, ತಾಳ್ಮೆ ಸಾಕು.

ಇಂಥ ಕೆಲಸದಿಂದ ಫಲವುಂಟೆ ಎಂದು ಸಂಶಯಪಡುವವರು ಯಾದಗಿರಿ ಜಿಲ್ಲೆಯ ಹುಣಸಗಿಯ ಕಣಿವೆಯನ್ನು ನೆನೆಯಲಿ. ಪುಣೆಯ ಡೆಕ್ಕನ್ ಕಾಲೇಜಿನ ಪ್ರಾಧ್ಯಾಪಕ ಕೆ. ಪದ್ದಯ್ಯನವರು ವರ್ಷಗಟ್ಟಲೆ ಆ ಕಣಿವೆಯ ಹೊಲಗಳನ್ನೂ ಹಳ್ಳಗಳನ್ನೂ ನಡೆದು ಶೋಧಿಸಿದರು. ಅಲ್ಲಿಯ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲಿನಿಂದ ಆಯುಧ ಮಾಡುತ್ತಿದ್ದ ನೆಲೆ ಬೆಳಕಿಗೆ ಬಂದಿತು. ಅದೇ ಪದರದಲ್ಲಿ ದೊರೆತ ಪ್ರಾಣಿಗಳ ಹಲ್ಲುಗಳನ್ನು ಪರೀಕ್ಷಿಸಿದಾಗ ನೆಲೆಯ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂದು ತಿಳಿಯಿತು. ಹಲ್ಲುಗಳು ಆಯುಧಗಳೊಡನೆ ಸ್ವಸ್ಥಾನದಲ್ಲಿಯೇ ಇದ್ದುದರಿಂದ ಅವು ಸಾಕ್ಷಿ ನುಡಿಯಬಲ್ಲವಾದುವು.

ಆನೆಗೊಂದಿಯ ಮಡುವಿನ ಆಳವು ಹಾಗೆಯೇ ಇರಲಿ. ಅದರ ದಂಡೆಯ ಎರಡಾಳೆತ್ತರದ ಮಣ್ಣಿನ ಗೋಡೆ ಪ್ರತಿ ಮಳೆಗಾಲದಲ್ಲಿಯೂ ಒಂದು ಹೊಸ ಪುಟವನ್ನು ತೆರೆಯುತ್ತಿದೆ. ಅದನ್ನು ಓದಲು ಕಲಿತವನು ಮುಂದೊಂದು ದಿನ, ಮುಳುಗಬೇಕಾದ ನದಿ ಯಾವುದು, ಮುಳುಗಬೇಕಾದ ಸ್ಥಳ ಯಾವುದು ಎಂಬುದನ್ನು ತಾನೇ ಅರಿತು, ತಕ್ಕ ತರಬೇತಿಯನ್ನೂ ಅನುಮತಿಯನ್ನೂ ಪಡೆದು ನೀರಿಗಿಳಿಯುವನು. ಅಂಥವನು ಮೇಲೆದ್ದು ಬರುವಾಗ ಅವನ ಕೈಯಲ್ಲಿ ಎಲುಬಿಲ್ಲದಿದ್ದರೂ ಚಿಂತೆಯಿಲ್ಲ, ಅದು ಇರುವ ಜಾಗದ ಸರಿಯಾದ ಅಳತೆಯಿದ್ದರೆ ಸಾಕು.